ಅಜ್ಜಿ ಹೊರಟರೆ ಅದು ಯಾತ್ರೆ

ಮನೆಯಲ್ಲಿರುವ ಅಜ್ಜಿಯನ್ನು "ಸುಮ್ಮನೆ ತಿರುಗಾಡಿಕೊಂಡು ಬರೋಣ ಬಾ" ಎಂದು ಕರೆದು ನೋಡಿ. "ಈ ವಯಸ್ಸಿನಲ್ಲಿ ನನಗ್ಯಾತರ ತಿರುಗಾಟ?" ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದೇ "ಪರಿಷೆಗೆ ಹೋಗೋಣ" ಎನ್ನಿ. ಅರ್ಧ ಗಂಟೆಯೊಳಗೆ ಪೆಟ್ಟಿಗೆಯ ಸೀರೆ ಹೊರಬಂದು, ಎಲೆಅಡಿಕೆ ಚೀಲ ಸೊಂಟಕ್ಕೇರಿ, ಸೆರಗಿನ ತುದಿಯಲ್ಲಿ ಚಿಲ್ಲರೆ ಗಂಟಾಗಿ, ಅಜ್ಜಿ ಜಗಲಿಯ ಮೇಲೆ ಕುಳಿತಿರುತ್ತಾರೆ. ಎರಡೂ ಮನೆಯಿಂದಾಚೆ ಹೋಗಿ ಬರುವ ಕೆಲಸವೇ. ಒಂದಕ್ಕೆ ಬೇಡ, ಇನ್ನೊಂದಕ್ಕೆ ಹೂಂ. ಹೀಗೇಕೆ?

ನಮ್ಮ ಅಜ್ಜಿಯರ ಕಾಲದ ಹೆಂಗಸರು ಹೊಸ್ತಿಲು ದಾಟಲು ಒಂದು ಕಾರಣ ಬೇಕಾಗಿತ್ತು. ಮಗಳ ಬಾಣಂತನ, ನೆಂಟರ ಮದುವೆ, ಬಂಧುಗಳ ಸಾವು, ಇಲ್ಲವೇ ದೇವರು. ಮೊದಲಿನ ಮೂರೂ ಬೇರೆಯವರ ಮನೆಯ ಕೆಲಸಗಳು. ಅಲ್ಲಿಗೆ ಹೋದರೂ ಸೌದೆ ಒಲೆಯ ಮುಂದೆ ಕೂರುವುದು ತಪ್ಪುತ್ತಿರಲಿಲ್ಲ. ನಾಲ್ಕನೆಯದು ಮಾತ್ರ ಆಕೆಯದೇ ಆದದ್ದು. ಹೊತ್ತ ಹರಕೆ ತೀರಿಸಬೇಕು ಎಂದರೆ ಬೇಡವೆನ್ನುವ ಧೈರ್ಯ ಗಂಡನಿಗೂ ಸಾಮಾನ್ಯವಾಗಿ ಇರುತ್ತಿರಲಿಲ್ಲ, ಅತ್ತೆಗೂ ಇರುತ್ತಿರಲಿಲ್ಲ. ದೇವರ ಹೆಸರಿನಲ್ಲಿ ಹೊರಟವರಿಗೆ ದೇವರ ಜೊತೆಗೆ ಬಳೆ ಅಂಗಡಿ, ಮಂಡಕ್ಕಿ, ರಾಟವಾಳವೂ ಸಿಗುತ್ತಿದ್ದವು. ಒಂದೇ ಊರಿನಲ್ಲಿ ಹುಟ್ಟಿ ಹತ್ತು ಊರಿಗೆ ಸೊಸೆಯರಾಗಿ ಹೋದ ಗೆಳತಿಯರು ಮತ್ತೆ ಮುಖ ನೋಡುತ್ತಿದ್ದುದೂ ಜಾತ್ರೆಯಲ್ಲೇ. ಭಕ್ತಿ ಸುಳ್ಳಲ್ಲ, ಆದರೆ ಆ ಭಕ್ತಿಯೊಳಗೆ ಒಂದು ದಿನದ ಬಿಡುಗಡೆಯೂ ಇತ್ತು.

ಈ ತಿರುಗಾಟಕ್ಕೆ ಜೊತೆಗಾರರು ಮೊಮ್ಮಕ್ಕಳು. ಮಗನಿಗೆ ಹೊಲದ ಕೆಲಸ, ಸೊಸೆಗೆ ಅಡುಗೆಮನೆ. ಮನೆಯಲ್ಲಿ ಬಿಡುವಾಗಿದ್ದವರು ಎಲ್ಲರಿಗಿಂತ ಹಿರಿಯರು ಮತ್ತು ಎಲ್ಲರಿಗಿಂತ ಕಿರಿಯರು. ಹೀಗಾಗಿ ಊರ ಕೆರೆ, ಕಟ್ಟೆ, ಗುಡಿಗಳ ಕಥೆಗಳು ನಡುವಿನ ತಲೆಮಾರನ್ನು ದಾಟಿ ನೇರವಾಗಿ ಮೊಮ್ಮಕ್ಕಳ ಕಿವಿಗೆ ಬಿದ್ದವು.

ಎಲ್ಲ ತಿರುಗಾಟಗಳಿಗೂ ಶಿಖರವೆಂದರೆ ಕಾಶಿ. ಬೆಂಗಳೂರಿನಿಂದ ಜೋಲಾರಪೇಟೆಗೆ ರೈಲು ಓಡಿದ್ದು 1864ರಲ್ಲಿ. ಅದಕ್ಕೂ ಮೊದಲು ಕಾಶಿಗೆ ಹೋಗುವುದೆಂದರೆ ತಿಂಗಳುಗಟ್ಟಲೆ ನಡಿಗೆ. ಹೊರಟವರು ಮರಳುವ ಭರವಸೆ ಇರದಿದ್ದರಿಂದ ಮನೆಯವರು ಕಣ್ಣೀರು ಹಾಕಿ ಬೀಳ್ಕೊಡುತ್ತಿದ್ದರು. ಅಲ್ಲಿ ಇಷ್ಟವಾದ ಒಂದು ತರಕಾರಿಯನ್ನೋ ಹಣ್ಣನ್ನೋ ಬಿಟ್ಟು ಬರುವುದು, ಬಾಯಿ ಬೆಸೆದ ತಾಮ್ರದ ಗಿಂಡಿಯಲ್ಲಿ ಗಂಗೆಯನ್ನು ತಂದು ಬಂಧುಬಳಗಕ್ಕೆಲ್ಲ ಊಟ ಹಾಕುವುದು ಪದ್ಧತಿ. ಈಗಲೂ ಎಷ್ಟೋ ದೇವರ ಗೂಡುಗಳಲ್ಲಿ ಆ ಪುಟ್ಟ ಗಿಂಡಿ ಇದೆ.

ಕಾಶಿಗೆ ಹೋದವರಿಗಿಂತ ಹೋಗಬೇಕೆಂದು ಹಂಬಲಿಸಿ ಉಳಿದವರೇ ಹೆಚ್ಚು. ಇಂಥ ಹಂಬಲದ ಮುದುಕಿಯೊಬ್ಬಳ ಕಥೆಯೇ ತ್ರಿವೇಣಿ ಅವರ 'ಕಾಶೀಯಾತ್ರೆ' ಕಾದಂಬರಿ. ಅದು 'ಕರ್ಮವೀರ'ದಲ್ಲಿ ಧಾರಾವಾಹಿಯಾಗಿ ಬರುತ್ತಿದ್ದ ದಿನಗಳನ್ನು ಸುಧಾ ಮೂರ್ತಿ ಬರೆದಿದ್ದಾರೆ. ಓದು ಬಾರದ ಅವರ ಅಜ್ಜಿ ಪ್ರತಿ ವಾರವೂ ಮೊಮ್ಮಗಳಿಂದ ಕಂತು ಓದಿಸಿ ಕೇಳುತ್ತಿದ್ದರು. ಮೊಮ್ಮಗಳು ಮದುವೆಗೆಂದು ಬೇರೆ ಊರಿಗೆ ಹೋದಾಗ ಪತ್ರಿಕೆ ಕೈಯಲ್ಲಿದ್ದರೂ ಒಳಗೇನಿದೆ ಎಂದು ತಿಳಿಯದೆ ಅತ್ತರು. ಆಮೇಲೆ 62ರ ವಯಸ್ಸಿನಲ್ಲಿ, ಹನ್ನೆರಡು ವರ್ಷದ ಮೊಮ್ಮಗಳನ್ನೇ ಗುರುವಾಗಿ ಮಾಡಿಕೊಂಡು ಅಕ್ಷರ ಕಲಿತರು. ಅಜ್ಜಿಗೆ ಕಥೆಯಲ್ಲಿ ಅಷ್ಟು ಆಸೆ ಹುಟ್ಟಿಸಿದ್ದು ಕಾಶಿಯ ಆಸೆಯ ಕಥೆಯೇ ಎಂಬುದನ್ನು ಮರೆಯಬಾರದು.

ಕಾಲ ಬದಲಾಗಿದೆ. 2022ರ ನವೆಂಬರ್‌ನಲ್ಲಿ ಬೆಂಗಳೂರಿನಿಂದ 'ಕಾಶಿ ದರ್ಶನ' ರೈಲು ಹೊರಟಿತು. ರಾಜ್ಯದ ಯಾತ್ರಿಕರಿಗೆ ಸರ್ಕಾರ ಆಗ 5,000 ರೂಪಾಯಿ ಸಹಾಯಧನ ಕೊಟ್ಟಿತು. 2023ರ ಜೂನ್ 11ರಂದು 'ಶಕ್ತಿ' ಯೋಜನೆ ಬಂದು, ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಹೆಂಗಸರ ಪ್ರಯಾಣ ಉಚಿತವಾಯಿತು. ಗುರುತಿನ ಚೀಟಿ ತೋರಿಸಿದರೆ ಶೂನ್ಯ ದರದ ಟಿಕೆಟ್. ಆ ಕೂಡಲೇ ಧರ್ಮಸ್ಥಳದ ಬಸ್ಸುಗಳು ತುಂಬಿದವು. ಹೆಂಗಸರೆಲ್ಲ ದೇವಸ್ಥಾನ ಸುತ್ತಲು ಹೊರಟರು ಎಂದು ನಕ್ಕವರೂ ಇದ್ದರು. ಅವರು ಮರೆತ ಸಂಗತಿಯೊಂದಿದೆ: ದೇವಸ್ಥಾನವೊಂದನ್ನು ಬಿಟ್ಟು ಬೇರೆ ಕಡೆಗೆ ಹೊರಟು ರೂಢಿಯೇ ಇಲ್ಲದ ಹೆಂಗಸರು ಅವರು. ಸೆರಗಿನ ಗಂಟು ಬಿಚ್ಚದೆ, ಮಗನ ಮುಂದೆ ಕೈಯೊಡ್ಡದೆ ಬಸ್ಸು ಹತ್ತಿದ್ದು ಅವರಲ್ಲಿ ಎಷ್ಟೋ ಮಂದಿಗೆ ಅದೇ ಮೊದಲು.

ಆದರೆ ಬಸ್ಸಿನ ದರ ಸೊನ್ನೆಯಾದ ಮಾತ್ರಕ್ಕೆ ಅಜ್ಜಿಯ ತಿರುಗಾಟ ಸುಲಭವಾಗುವುದಿಲ್ಲ. ಬಸ್ಸಿನ ಮೊದಲ ಮೆಟ್ಟಿಲು ಇನ್ನೂ ಎತ್ತರದಲ್ಲೇ ಇದೆ. ಅದನ್ನು ಹತ್ತಿಸಲು ಒಂದು ಕೈ ಬೇಕು. ಹಿಂದೆ ಅಜ್ಜಿ ಮಗುವಿನ ಕೈ ಹಿಡಿದು ಕರೆದೊಯ್ಯುತ್ತಿದ್ದರು. ಈಗ ಕೈ ಕೊಡುವ ಸರದಿ ಮೊಮ್ಮಕ್ಕಳದು. ಅಲ್ಲೇ ನಾವು ತಪ್ಪುತ್ತೇವೆ.

ನಾನೂ ತಪ್ಪಿದವನೇ. ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ. ಆರೇಳು ವರ್ಷದವನಿದ್ದಾಗ ನನ್ನನ್ನು ಅಲ್ಲಿಗೆ ಕರೆದೊಯ್ದದ್ದು ಅಜ್ಜಿ. ರಸ್ತೆಯ ಎರಡೂ ಬದಿ ಕಡಲೆಕಾಯಿಯ ರಾಶಿ, ಸೇರಿನಲ್ಲಿ ಅಳೆಯುವ ರೈತರು. ಹದಿನೈದು ಅಡಿ ಎತ್ತರದ ಏಕಶಿಲೆಯ ಬಸವನ ಮುಂದೆ ನಿಲ್ಲಿಸಿ ಅಜ್ಜಿ ಕಥೆ ಹೇಳಿದರು. ಹೊಲಕ್ಕೆ ನುಗ್ಗಿ ಕಡಲೆಕಾಯಿ ಮೇಯುತ್ತಿದ್ದ ಬಸವ ರೈತರ ಏಟಿಗೆ ಕಲ್ಲಾದನಂತೆ. ಕಲ್ಲಾದರೂ ಬೆಳೆಯುತ್ತಲೇ ಇದ್ದನಂತೆ. ನೆತ್ತಿಗೆ ಮೊಳೆ ಹೊಡೆದ ಮೇಲೆ ನಿಂತನಂತೆ. ಅಂದಿನಿಂದ ಮೊದಲ ಬೆಳೆ ಅವನಿಗೇ.

ಗುಡಿಯನ್ನು ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರೆಂದು ಹೇಳುತ್ತಾರೆ. ಕಡಲೆಕಾಯಿ ದಕ್ಷಿಣ ಅಮೆರಿಕದ ಬೆಳೆ; ಐರೋಪ್ಯರ ಹಡಗುಗಳು ಬರತೊಡಗಿದ ಮೇಲೆ ನಮ್ಮಲ್ಲಿಗೆ ಬಂದದ್ದು. ಗುಡಿ ಕಟ್ಟಿದ ಕಾಲಕ್ಕೇ ಇಲ್ಲಿ ಅದರ ಹೊಲಗಳಿದ್ದವು ಎಂದು ನಂಬುವುದು ಕಷ್ಟ. ಆದರೂ ಅಜ್ಜಿಯ ಕಥೆ ಸುಳ್ಳೆಂದು ತಳ್ಳಬೇಕಿಲ್ಲ. ದೂರ ದೇಶದ ಬೆಳೆಯೊಂದನ್ನು ನಮ್ಮ ರೈತರು ಎಷ್ಟು ತಮ್ಮದಾಗಿ ಮಾಡಿಕೊಂಡರು ಎಂಬುದನ್ನು ಆ ಕಥೆ ಹೇಳುತ್ತದೆ. ಅದು ಇಸವಿಗಳಲ್ಲಿ ಸಿಗುವ ಸಂಗತಿಯಲ್ಲ.

ಎರಡು ವರ್ಷದ ಹಿಂದೆ ಅಜ್ಜಿ, "ಈ ಸಲ ಪರಿಷೆಗೆ ಹೋಗೋಣವೇನೋ ಮಗಾ?" ಎಂದು ಕೇಳಿದರು. "ಕೆಲಸ ಜಾಸ್ತಿ ಇದೆ, ಬರುವ ವರ್ಷ ಹೋಗೋಣ ಅಜ್ಜಿ" ಎಂದೆ. ರಜೆ ಕೇಳಿದ್ದರೆ ಸಿಗುತ್ತಿತ್ತು, ಕೇಳಲಿಲ್ಲ. ಬರುವ ವರ್ಷ ರಜೆ ಹಾಕಿದೆ. ಅಜ್ಜಿಯ ಮಂಡಿ ಒಪ್ಪಲಿಲ್ಲ. ಒಬ್ಬನೇ ಹೋಗಿ ಎರಡು ಸೇರು ಕಡಲೆಕಾಯಿ ತಂದು ಮಡಿಲಿಗೆ ಹಾಕಿದೆ.

ಒಂದೊಂದನ್ನೇ ಬಿಡಿಸಿ ನನ್ನ ಕೈಗಿಡುತ್ತಾ ಅಜ್ಜಿ ಕೇಳಿದರು: "ಬಸವ ಇನ್ನೂ ದೊಡ್ಡವನಾಗಿದ್ದಾನೇನೋ?"

"ಇಲ್ಲ ಅಜ್ಜಿ, ಅಷ್ಟೇ ಇದ್ದಾನೆ" ಎಂದೆ.

ನಿಮ್ಮ ಮನೆಯಲ್ಲಿ ಅಜ್ಜಿ ಇದ್ದರೆ, ಅವರು ಇನ್ನೂ ಮೆಟ್ಟಿಲು ಹತ್ತಬಲ್ಲವರಾದರೆ, ಬರುವ ವರ್ಷಕ್ಕೆ ಕಾಯಬೇಡಿ. ಕಾಶಿಯೇ ಆಗಬೇಕಿಲ್ಲ; ಊರ ಮುಂದಿನ ಗುಡಿಯಾದರೂ ಸಾಕು. ಜನಜಂಗುಳಿ ಇಲ್ಲದ ಬೆಳಗಿನ ಹೊತ್ತು ಆರಿಸಿಕೊಳ್ಳಿ, ಅವರ ಹೆಜ್ಜೆಗೆ ನಿಮ್ಮ ಹೆಜ್ಜೆ ಹೊಂದಿಸಿ, ದಣಿದಾಗ ಕಟ್ಟೆಯ ಮೇಲೆ ಕೂರಿಸಿ. ಕಥೆಗಳು ಶುರುವಾಗುವುದು ಅಲ್ಲಿಂದಲೇ.