ಡೌನ್‌ಲೋಡ್ ಆಯಿತು, ಫೈಲ್ ಎಲ್ಲಿ?

ಪರೀಕ್ಷೆ ಹತ್ತಿರ ಬಂದಾಗ ನಮ್ಮ ತರಗತಿಯ ಗ್ರೂಪಿನಲ್ಲಿ ಅತಿ ಹೆಚ್ಚು ಓಡಾಡುವ ಮಾತು "ಆ ಪಿಡಿಎಫ್ ಇನ್ನೊಂದ್ಸಲ ಕಳ್ಸಿ" ಎಂಬುದು. ಕೇಳುವವರ ಹತ್ತಿರ ಆ ಪಿಡಿಎಫ್ ಇಲ್ಲವೆಂದಲ್ಲ. ಎರಡು ಮೂರು ಸಲ ಡೌನ್‌ಲೋಡ್ ಆಗಿಯೇ ಇರುತ್ತದೆ. ಎಲ್ಲಿದೆ, ಯಾವ ಹೆಸರಿನಲ್ಲಿದೆ ಎಂಬುದು ಗೊತ್ತಿರುವುದಿಲ್ಲ. ಪ್ರಶ್ನೆಪತ್ರಿಕೆಯಾದರೆ ಯಾರಾದರೂ ಮತ್ತೆ ಕಳಿಸುತ್ತಾರೆ. ವಿದ್ಯಾರ್ಥಿವೇತನದ ಅರ್ಜಿಗೆ ಇವತ್ತೇ ಕೊನೆಯ ದಿನ, ಆದಾಯ ಪ್ರಮಾಣಪತ್ರ ಸಿಗುತ್ತಿಲ್ಲ ಎಂದರೆ ಯಾರನ್ನು ಕೇಳುವುದು?

ನಮ್ಮ ಮನೆಯಲ್ಲಿರುವುದು ಹಗುರವಾದ ಸಣ್ಣ ಲ್ಯಾಪ್‌ಟಾಪ್. 4 ಜಿಬಿ ರ್‍ಯಾಮ್, 64 ಜಿಬಿ ಸ್ಟೋರೇಜ್. ಡಿಗ್ರಿ ಓದುವ ಆಪಾ, ನಾನು, ಹೈಸ್ಕೂಲಿನ ತಮ್ಮ ಮೂವರಿಗೂ ಅದೊಂದೇ. ನಮ್ಮ ಕಾಲೇಜಿನಲ್ಲಿ ಲ್ಯಾಪ್‌ಟಾಪ್ ಇರುವ ಹಲವರ ಹತ್ತಿರ ಇಂಥದ್ದೇ ಇದೆ, ಆದ್ದರಿಂದ ಅದರ ಲೆಕ್ಕವನ್ನು ಮೊದಲು ಹೇಳುತ್ತೇನೆ.

ಡಬ್ಬದ ಮೇಲೆ 64 ಜಿಬಿ ಎಂದಿದ್ದರೂ ತೆರೆದು ನೋಡಿದರೆ 60 ಕೂಡ ಕಾಣುವುದಿಲ್ಲ. ಇದು ಮೋಸವಲ್ಲ. ಕಂಪನಿಯವರು ನೂರು ಕೋಟಿ ಬೈಟ್‌ಗೆ ಒಂದು ಜಿಬಿ ಎಂದು ಎಣಿಸುತ್ತಾರೆ. ವಿಂಡೋಸ್ 1024ನ್ನು ಮೂರು ಸಲ ಗುಣಿಸಿ ಬಂದ ಸಂಖ್ಯೆಗೆ ಒಂದು ಜಿಬಿ ಎನ್ನುತ್ತದೆ. ಆ ಲೆಕ್ಕದಲ್ಲಿ 64 ಎಂಬುದು 59.6 ಆಗುತ್ತದೆ. ವಿಂಡೋಸ್ 11 ಹಾಕಲು ಕನಿಷ್ಠ 64 ಜಿಬಿ ಸ್ಟೋರೇಜ್, 4 ಜಿಬಿ ರ್‍ಯಾಮ್ ಬೇಕೆಂದು ಮೈಕ್ರೋಸಾಫ್ಟ್ ಹೇಳುತ್ತದೆ. ಅಂದರೆ ಇಂಥ ಯಂತ್ರಕ್ಕೆ ಇರುವುದು ಬದುಕಲು ಬೇಕಾದಷ್ಟೇ ಜಾಗ. ಅದರಲ್ಲಿ ವಿಂಡೋಸ್, ಅದರ ಅಪ್‌ಡೇಟ್‌ಗಳು, ಬ್ರೌಸರ್ ಎಲ್ಲ ಕೂತ ಮೇಲೆ ಉಳಿದ ಚೂರು ನಮ್ಮದು. ಜಾಗ ತುಂಬಿದರೆ ಅಪ್‌ಡೇಟ್ ನಿಲ್ಲುತ್ತದೆ, ಯಂತ್ರ ತೆವಳುತ್ತದೆ. ಇವುಗಳಲ್ಲಿ ಸಾಮಾನ್ಯವಾಗಿ ಇರುವುದು ಇಎಂಎಂಸಿ ಎಂಬ ಚಿಪ್. ಅದನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಬಿಚ್ಚಿ ದೊಡ್ಡದು ಹಾಕಿಸಲು ಆಗುವುದಿಲ್ಲ. ಇರುವುದರಲ್ಲೇ ಸಂಸಾರ ಮಾಡಬೇಕು.

ಹಾಗಾಗಿ ಒಂದೇ ಫೈಲನ್ನು ಮೂರು ಸಲ ಇಳಿಸುವ ಐಷಾರಾಮ ನಮಗಿಲ್ಲ. ಹೆಸರಿನ ಕೊನೆಗೆ ಆವರಣದಲ್ಲಿ 1, 2 ಎಂದು ಕಂಡರೆ ಅದೇ ಫೈಲ್ ಮತ್ತೆ ಇಳಿದಿದೆ ಎಂದರ್ಥ. ನಾನು ಪಾಲಿಸುವ ನಿಯಮ ಒಂದೇ: ಇಳಿಸುವ ಹೊತ್ತಿನಲ್ಲೇ ಹೆಸರು ಮತ್ತು ಜಾಗ. ಆಮೇಲೆ ಜೋಡಿಸುತ್ತೇನೆ ಎಂದವರು ಜೋಡಿಸಿದ್ದನ್ನು ನಾನು ಕಂಡಿಲ್ಲ. ಕ್ರೋಮ್ ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಡೌನ್‌ಲೋಡ್ಸ್ ಎಂಬಲ್ಲಿಗೆ ಹೋದರೆ, ಪ್ರತಿ ಫೈಲನ್ನು ಎಲ್ಲಿ ಇಡಬೇಕೆಂದು ಮೊದಲೇ ಕೇಳುವ ಆಯ್ಕೆ ಇದೆ. ಅದನ್ನು ಆನ್ ಮಾಡಿ. ಫೈರ್‌ಫಾಕ್ಸ್‌ನಲ್ಲೂ ಇದೆ. ಅಲ್ಲಿಂದ ಮುಂದೆ ಪ್ರತಿ ಸಲವೂ ಒಂದು ಕಿಟಕಿ ತೆರೆದು ಹೆಸರು, ಫೋಲ್ಡರ್ ಎರಡನ್ನೂ ಕೇಳುತ್ತದೆ. ಹತ್ತು ಸೆಕೆಂಡಿನ ಕೆಲಸ.

ಹೆಸರು ಏಕೆ ಬದಲಿಸಬೇಕು, ಬಂದ ಹೆಸರೇ ಇರಲಿ ಎನ್ನುವವರಿಗೆ ಎನ್‌ಸಿಇಆರ್‌ಟಿ ಪುಸ್ತಕದ ಉದಾಹರಣೆ ಕೊಡುತ್ತೇನೆ. ವಿಜ್ಞಾನ ವಿಭಾಗದವರು ಓದುವುದು ಅದನ್ನೇ. ಭೌತಶಾಸ್ತ್ರದ ಮೊದಲ ಪಾಠ ಇಳಿಸಿದರೆ ಅದರ ಹೆಸರು ಎಲ್-ಇ-ಪಿ-ಎಚ್-101 ಎಂದಿರುತ್ತದೆ. ಇದು ಅರ್ಥವಿಲ್ಲದ ಹೆಸರಲ್ಲ. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಎಲ್ 12ನೆಯದು, ಆದ್ದರಿಂದ 12ನೇ ತರಗತಿ. ಕೆ ಇದ್ದರೆ 11, ಜೆ ಇದ್ದರೆ 10. ಎರಡನೆಯ ಅಕ್ಷರ ಭಾಷೆ: ಇ ಎಂದರೆ ಇಂಗ್ಲಿಷ್, ಎಚ್ ಎಂದರೆ ಹಿಂದಿ, ಯು ಎಂದರೆ ಉರ್ದು. ಪಿಎಚ್ ಎಂದರೆ ಫಿಸಿಕ್ಸ್. ಮೊದಲ ಅಂಕಿ ಭಾಗ, ಕೊನೆಯ ಎರಡು ಪಾಠ. ಇಲ್ಲೊಂದು ತೊಡಕಿದೆ. ಈಗಿನ ಪುಸ್ತಕದ ಮೊದಲ ಭಾಗದಲ್ಲಿ ಎಂಟು ಪಾಠಗಳಿವೆ. 201 ಎಂಬುದು ಎರಡನೇ ಭಾಗದ ಮೊದಲ ಫೈಲ್, ಆದರೆ ಪುಸ್ತಕದಲ್ಲಿ ಅದು ಒಂಬತ್ತನೆಯ ಪಾಠ, ಕಿರಣ ದೃಗ್ವಿಜ್ಞಾನ. ಕೋಡ್ ಗೊತ್ತಿದ್ದರೂ ಪರೀಕ್ಷೆಯ ಹಿಂದಿನ ರಾತ್ರಿ ಈ ಲೆಕ್ಕ ಹಾಕುತ್ತ ಕೂರುವುದು ಬೇಡ. "ಭೌತ-09-ಕಿರಣ" ಎಂದು ಬರೆದಿಟ್ಟರೆ ಮುಗಿಯಿತು. 9ರ ಹಿಂದೆ ಸೊನ್ನೆ ಏಕೆಂದರೆ, ಕೆಲವು ಮೊಬೈಲ್‌ಗಳಲ್ಲಿ 1 ಆದ ಮೇಲೆ 10, ಆಮೇಲೆ 2 ಎಂದು ಸಾಲು ಬರುತ್ತದೆ. ಸೊನ್ನೆ ಹಾಕಿದರೆ ಎಲ್ಲ ಕಡೆಯೂ ಸರಿಯಾಗಿ ನಿಲ್ಲುತ್ತದೆ.

ಹಳೆಯ ಪ್ರಶ್ನೆಪತ್ರಿಕೆಗಳಿಗೆ ವರ್ಷ ಬರೆಯದೇ ಇಟ್ಟರೆ ನೇರವಾಗಿ ಅಂಕಕ್ಕೇ ಪೆಟ್ಟು. ಕನ್ನಡ, ಉರ್ದು, ಇಂಗ್ಲಿಷ್, ಇತಿಹಾಸದಂಥ ಪ್ರಾಯೋಗಿಕ ಪರೀಕ್ಷೆ ಇಲ್ಲದ ವಿಷಯಗಳಿಗೆ 2023-24ರಿಂದ ಲಿಖಿತ ಪರೀಕ್ಷೆ 80 ಅಂಕಕ್ಕೆ, ಉಳಿದ 20 ಆಂತರಿಕ ಮೌಲ್ಯಮಾಪನಕ್ಕೆ. ಅದಕ್ಕೂ ಹಿಂದಿನವು 100 ಅಂಕದ ಪತ್ರಿಕೆಗಳು. ಅದೇ ವರ್ಷ ಪರೀಕ್ಷೆ 1, 2, 3 ಎಂದು ಮೂರು ನಡೆದವು. ವಾಟ್ಸಾಪ್‌ನಲ್ಲಿ ಬಂದ ಫೈಲಿನ ಹೆಸರಿನಲ್ಲಿರುವ ಉದ್ದನೆಯ ಸಂಖ್ಯೆ ಅದು ಕೈಗೆ ಬಂದ ದಿನಾಂಕವೇ ಹೊರತು ಪತ್ರಿಕೆಯ ವರ್ಷವಲ್ಲ. ಹಾಗಾಗಿ ತೆರೆದು ನೋಡಿ "ಇತಿಹಾಸ-2024-ಪರೀಕ್ಷೆ1" ಎಂದು ಬರೆಯಿರಿ. ಫೈಲಿನ ಮೇಲೆ ನಿಂತು ಎಫ್2 ಒತ್ತಿದರೆ ಹೆಸರು ಬದಲಿಸಬಹುದು.

ಈಗ ಪ್ರಮಾಣಪತ್ರಗಳು. ನಮ್ಮ ಹೊಳವನಹಳ್ಳಿ ಹೋಬಳಿಯವರು ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋಗುತ್ತೇವೆ. ಅದರಲ್ಲಿ ಆರ್‌ಡಿ ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಎಸ್‌ಎಸ್‌ಪಿ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಕೇಳುವುದು ಆ ಸಂಖ್ಯೆಯನ್ನೇ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ. ಆದ್ದರಿಂದ ಮುಗಿಯುವ ವರ್ಷವನ್ನು ಹೆಸರಿನಲ್ಲೇ ಸೇರಿಸುವುದು ಒಳ್ಳೆಯದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಡಿಜಿಲಾಕರ್‌ನಲ್ಲೂ ಸಿಗುತ್ತದೆ, ಆದರೂ ಒಂದು ಪ್ರತಿ ಲ್ಯಾಪ್‌ಟಾಪ್‌ನಲ್ಲಿರಲಿ. ಅರ್ಜಿಯ ಕೊನೆಯ ದಿನಗಳಲ್ಲಿ ನೆಟ್‌ವರ್ಕ್ ಕೈಕೊಡುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ವಿಷಯ.

ನಮ್ಮಲ್ಲಿ ಇನ್ನೊಂದು ಕಷ್ಟ ಹೆಸರಿನದು. ಆಧಾರ್‌ನಲ್ಲಿ ಮಹಮ್ಮದ್, ಅಂಕಪಟ್ಟಿಯಲ್ಲಿ ಮೊಹಮ್ಮದ್, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಬರೀ ಎಂ.ಡಿ. ಇಂಗ್ಲಿಷಿನಲ್ಲಂತೂ ಒಂದೇ ಹೆಸರಿಗೆ ನಾಲ್ಕಾರು ಕಾಗುಣಿತ. ಫೈಲುಗಳನ್ನೂ ಹಾಗೇ ಬೇರೆ ಬೇರೆ ಕಾಗುಣಿತದಲ್ಲಿ ಇಟ್ಟರೆ ಹುಡುಕಿದಾಗ ಒಂದು ಸಿಗುತ್ತದೆ, ಉಳಿದವು ಅಡಗಿ ಕೂರುತ್ತವೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇರುವ ಕಾಗುಣಿತವನ್ನೇ ಎಲ್ಲ ಫೈಲುಗಳಿಗೂ ಇಟ್ಟುಕೊಳ್ಳಿ. ದಾಖಲೆಗಳಲ್ಲೇ ಇರುವ ವ್ಯತ್ಯಾಸ ಇದರಿಂದ ಸರಿಹೋಗುವುದಿಲ್ಲ ನಿಜ, ಆದರೆ ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿ ಒಟ್ಟಿಗೆ ನೋಡಿದಾಗ ಆ ವ್ಯತ್ಯಾಸ ಅರ್ಜಿ ಹಾಕುವ ಮೊದಲೇ ಕಣ್ಣಿಗೆ ಬೀಳುತ್ತದೆ. ಕೆಲವು ಅರ್ಜಿ ಪುಟಗಳು ಕನ್ನಡ ಹೆಸರಿನ ಫೈಲನ್ನು ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಪ್ರಮಾಣಪತ್ರಗಳಿಗೆ ಮಾತ್ರ ಇಂಗ್ಲಿಷ್ ಅಕ್ಷರದ ಚಿಕ್ಕ ಹೆಸರು ಇಡುತ್ತೇನೆ. ಆಧಾರ್ ಸಂಖ್ಯೆಯನ್ನು ಫೈಲಿನ ಹೆಸರಾಗಿ ಇಡಬೇಡಿ.

ಫೋಲ್ಡರ್ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ನಮ್ಮ ಮೂವರಿಗೂ ಒಂದೊಂದು, ಅದರೊಳಗೆ ಓದು, ದಾಖಲೆ, ಇತರೆ. ಓದು ಎಂಬುದರೊಳಗೆ ವಿಷಯಕ್ಕೊಂದು. ಅದಕ್ಕಿಂತ ಆಳಕ್ಕೆ ಹೋದರೆ ಇಟ್ಟವರಿಗೇ ಮರೆತುಹೋಗುತ್ತದೆ. ಡೌನ್‌ಲೋಡ್ಸ್ ಫೋಲ್ಡರ್ ಮಾತ್ರ ಖಾಲಿ ಇರಬೇಕು. ಅದು ಮನೆಯ ಜಗಲಿ, ಬೀರು ಅಲ್ಲ. ವಿಂಡೋಸ್‌ನ ಸ್ಟೋರೇಜ್ ಸೆನ್ಸ್‌ನಲ್ಲಿ, ಬಹಳ ದಿನ ತೆರೆಯದ ಫೈಲುಗಳನ್ನು ಡೌನ್‌ಲೋಡ್ಸ್‌ನಿಂದ ತಾನೇ ಅಳಿಸುವ ಆಯ್ಕೆಯೂ ಇದೆ. ತಾನಾಗಿ ಆನ್ ಇರುವುದಿಲ್ಲ, ಆದರೆ ಜಾಗ ಸಾಲದೆಂದು ಮನೆಯಲ್ಲಿ ಯಾರಾದರೂ ಆನ್ ಮಾಡಿದರೆ ನಿಮ್ಮ ಫೈಲೂ ಹೋಗುತ್ತದೆ. ಒನ್‌ಡ್ರೈವ್ ಬಳಸುವವರು ಫೈಲಿನ ಪಕ್ಕದ ಗುರುತು ನೋಡಿ. ಮೋಡದ ಚಿತ್ರವಿದ್ದರೆ ಆ ಫೈಲ್ ಲ್ಯಾಪ್‌ಟಾಪ್‌ನಲ್ಲಿಲ್ಲ, ತೆರೆಯಲು ಇಂಟರ್‌ನೆಟ್ ಬೇಕು.

ಡೇಟಾ ಕಡಿಮೆ ಇದ್ದಾಗ ಪೂರ್ತಿ ಪುಸ್ತಕದ ಜಿಪ್ ಇಳಿಸುವುದಕ್ಕಿಂತ ಪಾಠದ ಲೆಕ್ಕದಲ್ಲಿ ಇಳಿಸುವುದು ಮೇಲು. ಕರೆಂಟು ಹೋಗಿ ವೈಫೈ ಕಟ್ಟಾದರೂ ಒಂದು ಪಾಠವಷ್ಟೇ ಅರ್ಧಕ್ಕೆ ನಿಲ್ಲುತ್ತದೆ. ಕ್ರೋಮ್‌ನಲ್ಲಿ ಕಂಟ್ರೋಲ್ ಮತ್ತು ಜೆ ಒತ್ತಿದರೆ ನಿಂತ ಡೌನ್‌ಲೋಡನ್ನು ಹಲವು ಸಲ ಅಲ್ಲಿಂದಲೇ ಮುಂದುವರಿಸಬಹುದು. ಜಿಪ್ ಇಳಿಸಿದವರು ಬಿಚ್ಚಿದ ಮೇಲೆ ಜಿಪ್ಪನ್ನು ಅಳಿಸಿ. ಪಿಡಿಎಫ್‌ಗಳು ಜಿಪ್‌ನೊಳಗೆ ಅಷ್ಟೇನೂ ಕುಗ್ಗುವುದಿಲ್ಲ, ಎರಡನ್ನೂ ಇಟ್ಟರೆ ಜಾಗ ಹೆಚ್ಚುಕಡಿಮೆ ಎರಡರಷ್ಟು ಹೋಗುತ್ತದೆ.

ಬೆಸುಗೆ ಹಾಕಿದ ಚಿಪ್ ಕೆಟ್ಟರೆ ಒಳಗಿನದು ಮರಳಿ ಸಿಗುವುದು ಬಹಳ ಕಷ್ಟ. ಅದಕ್ಕೆ ದಾಖಲೆ ಫೋಲ್ಡರಿನ ಪ್ರತಿ ಒಂದು ಪೆನ್‌ಡ್ರೈವ್‌ನಲ್ಲಿದೆ, ಅದು ಅಮ್ಮಿಯ ಬೀರುವಿನಲ್ಲಿರುತ್ತದೆ. ಜೆರಾಕ್ಸ್ ಅಂಗಡಿಗೆ ಹೋಗುವ ಪೆನ್‌ಡ್ರೈವ್ ಬೇರೆ. ಹತ್ತು ಜನರ ಪೆನ್‌ಡ್ರೈವ್ ಚುಚ್ಚುವ ಕಂಪ್ಯೂಟರಿನಿಂದ ವೈರಸ್ ಅಂಟಿ, ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಬರುವುದು ಹೊಸದೇನಲ್ಲ. ಅದರಲ್ಲಿ ಆ ದಿನ ಪ್ರಿಂಟ್ ಬೇಕಾದ ಫೈಲ್ ಮಾತ್ರ ಇರಲಿ. ಅಂಗಡಿಯ ಕಂಪ್ಯೂಟರಿನಲ್ಲೇ ಆಧಾರ್ ಇಳಿಸಿದರೆ ಹೊರಡುವ ಮೊದಲು ಡೌನ್‌ಲೋಡ್ಸ್‌ನಿಂದಲೂ ರೀಸೈಕಲ್ ಬಿನ್‌ನಿಂದಲೂ ಅಳಿಸಿ. ಪಾಸ್‌ವರ್ಡ್ ಇದೆಯಲ್ಲ ಎನ್ನಬೇಡಿ. ಇ-ಆಧಾರ್ ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ ಮತ್ತು ಹುಟ್ಟಿದ ವರ್ಷ. ನಿಮ್ಮ ಅಂಕಪಟ್ಟಿಯ ಜೆರಾಕ್ಸ್ ನೋಡಿದವರಿಗೆ ಎರಡೂ ಗೊತ್ತು. ಅಳಿಸುವಾಗ ಅಂಗಡಿಯಣ್ಣನಿಗೆ ಹೇಳಿಯೇ ಅಳಿಸಿ, ಬೇಡ ಎನ್ನುವವರು ಯಾರೂ ನನಗೆ ಈವರೆಗೆ ಸಿಕ್ಕಿಲ್ಲ.