ಕಡಲ ತಳದ ಏಡಿಗಳಿಗೆ ಲೆಕ್ಕವಿಟ್ಟವರಾರು?

ಅನ್ನ ಬೆಂದಿದೆಯೇ ಎಂದು ತಿಳಿಯಲು ಗೃಹಿಣಿಯು ಒಂದು ಅಗುಳನ್ನು ಹಿಸುಕಿ ನೋಡುತ್ತಾಳೆ, ಪಾತ್ರೆಯನ್ನೆಲ್ಲ ಬಗೆಯುವುದಿಲ್ಲ. ಆದರೆ ಕಡಲಿನ ತಳವು ಅನ್ನದ ಪಾತ್ರೆಯಲ್ಲ. ಅಲ್ಲಿ ಏಡಿಗಳು ಒಂದೆಡೆ ರಾಶಿ ರಾಶಿಯಾಗಿ ನೆರೆದಿದ್ದರೆ, ಕೆಲವೇ ಮೈಲಿಗಳಾಚೆ ಒಂದೂ ಕಾಣಸಿಗದು. ಹೀಗಿರುವಾಗ ಅವುಗಳನ್ನು ಎಣಿಸುವ ಬಗೆಯೆಂತು?

ಅಲಾಸ್ಕಾದ ಪಶ್ಚಿಮಕ್ಕಿರುವ ಬೇರಿಂಗ್ ಸಮುದ್ರದಲ್ಲಿ ಅಮೆರಿಕದ ವಿಜ್ಞಾನಿಗಳು ದಶಕಗಳಿಂದ ಈ ಕಾರ್ಯದಲ್ಲಿ ತೊಡಗಿದ್ದಾರೆ. ಕಡಲನ್ನು 20 ನಾವಿಕ ಮೈಲಿಗಳ ಚೌಕಗಳಾಗಿ ವಿಭಾಗಿಸಿ, ಬೇಸಗೆಯಲ್ಲಿ ಒಂದೊಂದು ಚೌಕದಲ್ಲಿಯೂ ಸುಮಾರು ಅರ್ಧ ಗಂಟೆ ತಳಕ್ಕೆ ತಾಗುವಂತೆ ಬಲೆಯನ್ನು ಎಳೆಯುತ್ತಾರೆ. ಸಿಕ್ಕ ಏಡಿಗಳನ್ನು ಎಣಿಸಿ, ಅಳೆದು, ಬಲೆ ಗುಡಿಸಿದ ನೆಲದ ವಿಸ್ತಾರದಿಂದ ಇಡೀ ಕಡಲಿನ ಲೆಕ್ಕವನ್ನು ಕಟ್ಟುತ್ತಾರೆ. ಬೆಸ್ತರ ದಾರಿ ಬೇರೆ. ಅವರು ಆಮಿಷವಿಟ್ಟ ಪಂಜರಗಳನ್ನು ಏಡಿಗಳು ಇರುವಲ್ಲಿಯೇ ಇಳಿಸುತ್ತಾರೆ. ಆದುದರಿಂದ ತುಂಬಿದ ಪಂಜರವು ಉಳಿದ ಕಡಲಿನ ಸಂಗತಿಯನ್ನು ಹೇಳಲಾರದು.

ಬಲೆಯೂ ನಿಷ್ಕಳಂಕ ಸಾಕ್ಷಿಯಲ್ಲ. ಅದರ ಕೆಳಗಂಚಿನಡಿ ನುಸುಳಿ ಪಾರಾಗುವ ಏಡಿಗಳುಂಟು. ಅಂಥವುಗಳನ್ನು ಹಿಡಿಯಲು ದೊಡ್ಡ ಬಲೆಯ ಕೆಳಗೆ ಇನ್ನೊಂದು ಬಲೆಯನ್ನು ಕಟ್ಟಿ ಎಳೆದು, ತಪ್ಪಿಸಿಕೊಂಡವುಗಳ ಪ್ರಮಾಣವನ್ನೂ ವಿಜ್ಞಾನಿಗಳು ಕಂಡುಕೊಂಡರು.

ಈ ಲೆಕ್ಕದ ಬೆಲೆ ಹಿಮ ಏಡಿಗಳ ಕಥೆಯಲ್ಲಿ ತಿಳಿಯಿತು. ಚಳಿಗಾಲದ ಮಂಜುಗಡ್ಡೆ ಕರಗಿದ ಮೇಲೂ ಅಲ್ಲಿಯ ತಳದಲ್ಲಿ 2 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣನೆಯ ನೀರು ಉಳಿಯುತ್ತದೆ. ಮರಿ ಏಡಿಗಳಿಗೆ ಅದೇ ಆಶ್ರಯ. ಅವುಗಳನ್ನು ತಿನ್ನುವ ಕಾಡ್ ಮೀನು ಆ ಚಳಿಯನ್ನು ಸಹಿಸದು. 2018ರಲ್ಲಿ ಬಲೆಗಳು ತುಂಬಿ ಬಂದವು. 2020ರಲ್ಲಿ ಕೊರೋನಾ ಪಿಡುಗಿನಿಂದ ಸಮೀಕ್ಷೆ ನಡೆಯಲಿಲ್ಲ. 2021ರಲ್ಲಿ ಬಲೆ ಬಹುಮಟ್ಟಿಗೆ ಬರಿದಾಗಿ ಬಂದಿತು!

ಏಡಿಗಳು ಸತ್ತವೋ, ಬೇರೆಡೆಗೆ ಸರಿದವೋ, ಬಲೆಯೇ ತಪ್ಪಿತೋ? ಸಾವಿರಾರು ಒಲೆಗಳು ಉರಿಯುವುದು ಈ ಉತ್ತರವನ್ನು ನಂಬಿತ್ತು. 2022ರಲ್ಲಿ, ಇತಿಹಾಸದಲ್ಲಿಯೇ ಮೊದಲ ಬಾರಿಗೆ, ಅಲ್ಲಿ ಹಿಮ ಏಡಿಯ ಬೇಟೆಯನ್ನು ನಿಲ್ಲಿಸಲಾಯಿತು. ಉತ್ತರದ ನೀರನ್ನೂ ಆಳದ ಇಳಿಜಾರನ್ನೂ ಪರಿಶೀಲಿಸಿದಾಗ, ಕಾಣೆಯಾದವುಗಳಿಗೆ ಸಮನಾದ ಸಂಖ್ಯೆ ಎಲ್ಲಿಯೂ ದೊರೆಯಲಿಲ್ಲ. 2023ರಲ್ಲಿ ಪ್ರಕಟವಾದ ಅಧ್ಯಯನವು ಸುಮಾರು ಸಾವಿರ ಕೋಟಿ ಏಡಿಗಳು ಇಲ್ಲವಾದುವೆಂದು ತಿಳಿಸಿತು. 2018-19ರ ಬಿಸಿಯಿಂದ ಅವುಗಳ ದೇಹಕ್ಕೆ ಹೆಚ್ಚು ಆಹಾರ ಬೇಕಾಯಿತು; ಕಿರಿದಾದ ನೆಲೆಯಲ್ಲಿ ಬಾಯಿಗಳೋ ಅಸಂಖ್ಯ. ಹಸಿವೇ ಅವುಗಳನ್ನು ನುಂಗಿತೆಂಬುದು ಆ ಅಧ್ಯಯನದ ತೀರ್ಮಾನ.

2024ರಲ್ಲಿ ಸಣ್ಣ ಮಿತಿಯೊಡನೆ ಬೇಟೆ ಪುನಃ ಆರಂಭವಾಯಿತು. ಪಂಜರ ತುಂಬುವ ತಾಣಗಳನ್ನಷ್ಟೇ ನೋಡಿದ್ದರೆ ಕಡಲು ಬರಿದಾದ ಸುದ್ದಿ ತಡವಾಗಿ ತಿಳಿಯುತ್ತಿತ್ತು. ಒಂದೂ ಏಡಿ ಸಿಗದ ಚೌಕದಲ್ಲಿಯೂ ವರ್ಷ ವರ್ಷವೂ ಬಲೆಯನ್ನು ಎಳೆಯುವ ಶ್ರಮ, ಅದಕ್ಕಾಗಿಯೇ ವ್ಯರ್ಥವಲ್ಲ.