ಗಣಕಯಂತ್ರದ ಪರದೆಯ ಮೇಲೆ ಇಟ್ಟಿಗೆಯ ಗೋಡೆ

ಗಣಕಯಂತ್ರವೆಂದರೆ ಬುದ್ಧಿಯುಳ್ಳ ಯಂತ್ರವೆಂಬ ಭಾವನೆ ಜನಸಾಮಾನ್ಯರಲ್ಲಿ ಬಲವಾಗಿ ಬೇರೂರಿದೆ. ವಾಸ್ತವವಾಗಿ ಅದು ಹೇಳಿದ್ದನ್ನು ಹೇಳಿದಂತೆಯೇ ಮಾಡುವ, ಹೇಳದಿದ್ದುದನ್ನು ಎಂದಿಗೂ ಮಾಡದ ಒಂದು ಸಾಧನ. ಈ ಸತ್ಯವನ್ನು ಮನಗಾಣಲು ದೊಡ್ಡ ಗ್ರಂಥಗಳ ಅವಶ್ಯಕತೆಯಿಲ್ಲ. ನಾಲ್ಕು ದಶಕಗಳ ಹಿಂದಿನ ಅಗ್ಗದ ಗೃಹಗಣಕ, ಹನ್ನೆರಡು ಸಾಲಿನ ಒಂದು ಕ್ರಮವಿಧಿ, ಗಾರೆ ಕೆಲಸದವರೆಲ್ಲರೂ ಬಲ್ಲ ಒಂದು ನಿಯಮ — ಇಷ್ಟಿದ್ದರೆ ಸಾಕು. ಪರದೆಯ ಮೇಲೆ ಒಂದೊಂದೇ ಇಟ್ಟಿಗೆಯಿಟ್ಟು ಗೋಡೆ ಕಟ್ಟುವ ಈ ಚಿಕ್ಕ ಕೆಲಸದಲ್ಲಿ, ಮನುಷ್ಯನ ಪಾಲು ಯಾವುದು, ಯಂತ್ರದ ಪಾಲು ಯಾವುದು ಎಂಬುದು ಸ್ಪಷ್ಟವಾಗಿ ಬೇರ್ಪಡುತ್ತದೆ.

ಯಂತ್ರದ ಪರಿಚಯ

ಬ್ರಿಟನ್ನಿನ ಸಿಂಕ್ಲೇರ್ ರಿಸರ್ಚ್ ಸಂಸ್ಥೆಯು 1982ರ ಏಪ್ರಿಲ್ 23ರಂದು ಝಡ್ಎಕ್ಸ್ ಸ್ಪೆಕ್ಟ್ರಮ್ ಎಂಬ ಗೃಹಗಣಕವನ್ನು ಹೊರತಂದಿತು. 16 ಕಿಲೋಬೈಟ್ ಸ್ಮೃತಿಯ ಮಾದರಿಗೆ 125 ಪೌಂಡು, 48 ಕಿಲೋಬೈಟ್ ಮಾದರಿಗೆ 175 ಪೌಂಡು ಬೆಲೆ. ಮನೆಯ ಟೆಲಿವಿಷನ್ನೇ ಅದಕ್ಕೆ ಪರದೆ. ಹಾಡು ಕೇಳುವ ಕ್ಯಾಸೆಟ್ ಟೇಪ್ ರೆಕಾರ್ಡರೇ ಅದಕ್ಕೆ ಉಗ್ರಾಣ. 1986ರಲ್ಲಿ ಆಮ್‌ಸ್ಟ್ರಾಡ್ ಸಂಸ್ಥೆಯು ಸಿಂಕ್ಲೇರ್ ಗಣಕಗಳ ಹಕ್ಕನ್ನು ಕೊಂಡುಕೊಂಡಿತು. ಮುಂದೆ ಕೆಲವು ವರ್ಷಗಳಲ್ಲಿ ಈ ಯಂತ್ರದ ತಯಾರಿಕೆ ನಿಂತುಹೋಯಿತು. ಆದರೆ ಅದನ್ನು ಯಥಾವತ್ತಾಗಿ ಅನುಕರಿಸುವ ತಂತ್ರಾಂಶಗಳು ಇಂದು ಉಚಿತವಾಗಿ ದೊರೆಯುವುದರಿಂದ, ಸಾಧಾರಣ ಗಣಕದಲ್ಲಿಯೂ ಈ ಪ್ರಯೋಗವನ್ನು ಮಾಡಿ ನೋಡಬಹುದು.

ಈ ಯಂತ್ರಕ್ಕೆ ವಿದ್ಯುತ್ ಹಾಯಿಸಿದ ಕೆಲವೇ ಕ್ಷಣಗಳಲ್ಲಿ ಅದು ಬೇಸಿಕ್ ಭಾಷೆಯ ಆಜ್ಞೆಗಳನ್ನು ಸ್ವೀಕರಿಸಲು ಸಿದ್ಧವಾಗುತ್ತಿತ್ತು. ಬೇಸಿಕ್ ಭಾಷೆಯನ್ನು 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಗಣಿತ ಪ್ರಾಧ್ಯಾಪಕರಾದ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಸ್ ರೂಪಿಸಿದರು. ವಿಜ್ಞಾನವನ್ನು ಓದದ ವಿದ್ಯಾರ್ಥಿಯೂ ಗಣಕವನ್ನು ಬಳಸಬಲ್ಲವನಾಗಬೇಕೆಂಬುದು ಅವರ ಉದ್ದೇಶವಾಗಿತ್ತು.

ಗಾರೆಯವರ ನಿಯಮ

ಯಂತ್ರಕ್ಕೆ ಆಜ್ಞೆ ಕೊಡುವ ಮೊದಲು ಗೋಡೆಯನ್ನು ಅರಿಯಬೇಕು. ಗೋಡೆ ಕಟ್ಟುವವರು ಮೊದಲು ಕಲಿಯುವ ಪಾಠ ‘ಸಂದಿನ ಮೇಲೆ ಸಂದು ಬೀಳಬಾರದು’ ಎಂಬುದು. ಕೆಳಗಿನ ವರಸೆಯಲ್ಲಿ ಎರಡು ಇಟ್ಟಿಗೆಗಳು ಕೂಡುವ ಸ್ಥಳದ ಮೇಲೆ ಮುಂದಿನ ವರಸೆಯ ಇಟ್ಟಿಗೆಯ ನಡುಭಾಗ ಬರಬೇಕು. ಹಾಗಾದಾಗ ಪ್ರತಿಯೊಂದು ಇಟ್ಟಿಗೆಯೂ ತನ್ನ ಭಾರವನ್ನು ಕೆಳಗಿನ ಎರಡು ಇಟ್ಟಿಗೆಗಳಿಗೆ ಹಂಚುತ್ತದೆ. ಇಡೀ ಗೋಡೆ ಒಂದೇ ದೇಹದಂತೆ ನಿಲ್ಲುತ್ತದೆ. ಸಂದುಗಳು ಒಂದರ ಮೇಲೊಂದು ನೇರವಾಗಿ ಬಂದರೆ ಅದು ಗೋಡೆಯಲ್ಲ, ಪಕ್ಕಪಕ್ಕದಲ್ಲಿ ನಿಲ್ಲಿಸಿದ ಕಂಬಗಳ ಸಾಲು. ಬಿರುಕು ಬಿಡುವಾಗ ಆ ನೇರ ಸಂದಿನಲ್ಲಿಯೇ ಬಿಡುತ್ತದೆ.

ಈ ನಿಯಮವನ್ನು ಪಾಲಿಸಲು ಸುಲಭೋಪಾಯವೆಂದರೆ ಒಂದು ವರಸೆಯನ್ನು ಪೂರ್ಣ ಇಟ್ಟಿಗೆಯಿಂದಲೂ ಮುಂದಿನದನ್ನು ಅರ್ಧ ಇಟ್ಟಿಗೆಯಿಂದಲೂ ಆರಂಭಿಸುವುದು. ಯಂತ್ರಕ್ಕೆ ಕಲಿಸಬೇಕಾದುದು ಇದೊಂದನ್ನೇ.

ಮೊದಲು ಚೌಕಳಿ ಕಾಗದ

ಸ್ಪೆಕ್ಟ್ರಮ್ ಪರದೆಯಲ್ಲಿ ಅಡ್ಡಲಾಗಿ 32 ಮನೆಗಳಿವೆ. ಕ್ರಮವಿಧಿಯ ಬಳಕೆಗೆ ದೊರೆಯುವ ಸಾಲುಗಳು 22, ಅಂದರೆ ಮೇಲಿನಿಂದ 0ಯಿಂದ 21ರವರೆಗೆ. ಪ್ರತಿಯೊಂದು ಮನೆಯೂ 8 ಅಡ್ಡ, 8 ಉದ್ದದ ಚುಕ್ಕಿಗಳ ಚೌಕ. ಒಂದು ಮನೆಯಲ್ಲಿ ಎರಡೇ ಬಣ್ಣಗಳಿಗೆ ಅವಕಾಶ. ಇಟ್ಟಿಗೆಯ ಕೆಂಪು, ಗಾರೆಯ ಬಿಳುಪು — ನಮ್ಮ ಗೋಡೆಗೆ ಅಷ್ಟೇ ಬೇಕು.

ಬಳಸುವವನು ತನಗೆ ಬೇಕಾದ ಆಕೃತಿಗಳನ್ನು ರಚಿಸಿಕೊಳ್ಳಲು ಈ ಯಂತ್ರದಲ್ಲಿ 21 ಸ್ಥಾನಗಳಿವೆ. ಅವುಗಳಲ್ಲಿ ನಮಗೆ ಬೇಕಾದುವು ಎರಡು ಮಾತ್ರ. ‘ಎ’ ಎಂಬುದು ಇಟ್ಟಿಗೆಯ ಎಡ ಅರ್ಧ, ‘ಬಿ’ ಎಂಬುದು ಬಲ ಅರ್ಧ. ಚೌಕದ ಒಂದು ಸಾಲಿನ ಎಂಟು ಚುಕ್ಕಿಗಳಿಗೆ ಎಡದಿಂದ 128, 64, 32, 16, 8, 4, 2, 1 ಎಂಬ ಬೆಲೆಗಳು. ಎಂಟೂ ತುಂಬಿದ್ದರೆ ಮೊತ್ತ 255. ಕೊನೆಯ ಚುಕ್ಕಿಯನ್ನು ಗಾರೆಗೆಂದು ಖಾಲಿ ಬಿಟ್ಟರೆ 254. ಎಡ ಅರ್ಧದ ಮೊದಲ ಏಳು ಸಾಲುಗಳಿಗೆ 255, ಬಲ ಅರ್ಧದ ಏಳು ಸಾಲುಗಳಿಗೆ 254, ಎರಡರ ಎಂಟನೆಯ ಸಾಲಿಗೂ ಸೊನ್ನೆ. ಅದು ಅಡ್ಡ ಗಾರೆಯ ಗೆರೆ. ಇಷ್ಟನ್ನು ಚೌಕಳಿ ಕಾಗದದ ಮೇಲೆ ಪೆನ್ಸಿಲಿನಿಂದ ಬರೆದುಕೊಂಡರೆ ಕೆಲಸದ ಮುಕ್ಕಾಲು ಪಾಲು ಮುಗಿದಂತೆ.

ಇಲ್ಲಿ ಒಂದು ಸ್ವಾರಸ್ಯವಿದೆ. ‘ಎಬಿ’ ಎಂದು ಹದಿನಾರು ಸಲ ಮುದ್ರಿಸಿದರೆ ಹದಿನಾರು ಪೂರ್ಣ ಇಟ್ಟಿಗೆಗಳ ವರಸೆ. ಅದನ್ನೇ ತಿರುಗಿಸಿ ‘ಬಿಎ’ ಎಂದು ಹದಿನಾರು ಸಲ ಮುದ್ರಿಸಿದರೆ ಆರಂಭದಲ್ಲಿ ಒಂದು ಅರ್ಧ, ನಡುವೆ ಹದಿನೈದು ಪೂರ್ಣ, ಕೊನೆಯಲ್ಲಿ ಮತ್ತೊಂದು ಅರ್ಧ. ಗಾರೆಯವರ ನಿಯಮವು ಎರಡು ಅಕ್ಷರಗಳ ಸ್ಥಾನಪಲ್ಲಟದಲ್ಲಿ ಅಡಗಿದೆ.

ಕ್ರಮವಿಧಿ

ಕೆಳಗಿನ ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಯಂತ್ರದಲ್ಲಿ ಅವುಗಳ ಇಂಗ್ಲಿಷ್ ರೂಪವನ್ನೇ ಒತ್ತಬೇಕು.

10 ಫಾರ್ ಎನ್ = 0 ಟು 6
20 ಪೋಕ್ ಯುಎಸ್ಆರ್ "ಎ" + ಎನ್, 255 : ಪೋಕ್ ಯುಎಸ್ಆರ್ "ಬಿ" + ಎನ್, 254
30 ನೆಕ್ಸ್ಟ್ ಎನ್
40 ಪೋಕ್ ಯುಎಸ್ಆರ್ "ಎ" + 7, 0 : ಪೋಕ್ ಯುಎಸ್ಆರ್ "ಬಿ" + 7, 0
50 ಪೇಪರ್ 7 : ಇಂಕ್ 2 : ಸಿಎಲ್ಎಸ್
60 ಫಾರ್ ವೈ = 21 ಟು 0 ಸ್ಟೆಪ್ -1
70 ಫಾರ್ ಎಕ್ಸ್ = 0 ಟು 30 ಸ್ಟೆಪ್ 2
80 ಇಫ್ ವೈ/2 <> ಇಂಟ್ (ವೈ/2) ದೆನ್ ಪ್ರಿಂಟ್ ಅಟ್ ವೈ, ಎಕ್ಸ್; "ಎಬಿ";
90 ಇಫ್ ವೈ/2 = ಇಂಟ್ (ವೈ/2) ದೆನ್ ಪ್ರಿಂಟ್ ಅಟ್ ವೈ, ಎಕ್ಸ್; "ಬಿಎ";
100 ಪಾಜ್ 5
110 ನೆಕ್ಸ್ಟ್ ಎಕ್ಸ್
120 ನೆಕ್ಸ್ಟ್ ವೈ

10ರಿಂದ 40ರವರೆಗಿನ ಸಾಲುಗಳು ಇಟ್ಟಿಗೆಯ ಅಚ್ಚನ್ನು ಸಿದ್ಧಪಡಿಸುತ್ತವೆ. 50ನೆಯದು ಬಿಳಿಯ ಹಿನ್ನೆಲೆಯನ್ನೂ ಕೆಂಪು ಶಾಯಿಯನ್ನೂ ಗೊತ್ತುಪಡಿಸಿ ಪರದೆಯನ್ನು ಒರೆಸುತ್ತದೆ. 60ನೆಯದು ತಳದ ವರಸೆಯಿಂದ ಮೇಲಕ್ಕೇರುತ್ತದೆ. 70ನೆಯದು ಎಡದಿಂದ ಬಲಕ್ಕೆ ಎರಡೆರಡು ಮನೆ ಸಾಗುತ್ತದೆ. 80 ಮತ್ತು 90ನೆಯ ಸಾಲುಗಳಲ್ಲಿಯೇ ಇದರ ಜೀವಾಳವಿರುವುದು. ವರಸೆಯ ಸಂಖ್ಯೆಯನ್ನು ಎರಡರಿಂದ ಭಾಗಿಸಿದಾಗ ಭಿನ್ನರಾಶಿ ಉಳಿದರೆ ಅದು ಬೆಸಸಂಖ್ಯೆ, ಪೂರ್ಣ ಇಟ್ಟಿಗೆಯಿಂದ ಆರಂಭ. ಉಳಿಯದಿದ್ದರೆ ಸಮಸಂಖ್ಯೆ, ಅರ್ಧ ಇಟ್ಟಿಗೆಯಿಂದ ಆರಂಭ. ಈ ಎರಡು ಸಾಲುಗಳ ಕೊನೆಯಲ್ಲಿರುವ ‘ಎಬಿ’, ‘ಬಿಎ’ಗಳನ್ನು ಮಾತ್ರ ಕ್ಯಾಪ್ಸ್ ಷಿಫ್ಟ್ ಮತ್ತು 9ರ ಕೀಲಿಗಳನ್ನು ಒಟ್ಟಿಗೆ ಒತ್ತಿ, ಚಿತ್ರಾಕ್ಷರಗಳ ಕ್ರಮಕ್ಕೆ ಹೋಗಿ ಒತ್ತಬೇಕು. 100ನೆಯ ಸಾಲು ಪ್ರತಿ ಇಟ್ಟಿಗೆಗೂ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಬಿಡುವು ಕೊಡುವುದರಿಂದ ಗೋಡೆ ಕಣ್ಣೆದುರಿನಲ್ಲಿ ಏಳುವುದನ್ನು ನೋಡಬಹುದು. ಎಲ್ಲವೂ ಮುಗಿದ ಮೇಲೆ ‘ರನ್’ ಎಂದು ಆಜ್ಞಾಪಿಸಿದರೆ ಒಂದು ನಿಮಿಷದೊಳಗೆ ಗೋಡೆ ಸಿದ್ಧ.

ಯಂತ್ರ ಹಿಡಿಯದ ತಪ್ಪುಗಳು

ಗೋಡೆ ಸರಿಯಾಗಿ ಬಂದಾಗ ಕಲಿಯುವುದಕ್ಕಿಂತ ಕೆಟ್ಟಾಗ ಕಲಿಯುವುದು ಹೆಚ್ಚು. ಆದುದರಿಂದ ಬೇಕೆಂದೇ ಮೂರು ತಪ್ಪುಗಳನ್ನು ಮಾಡಿ ನೋಡುವುದು ಒಳ್ಳೆಯದು.

ಮೊದಲನೆಯದಾಗಿ, 60ನೆಯ ಸಾಲಿನಲ್ಲಿ ‘ಸ್ಟೆಪ್ -1’ ಎಂಬುದನ್ನು ಬಿಟ್ಟುಬಿಡಬೇಕು. 21ರಿಂದ 0ಗೆ ಮೇಲ್ಮುಖವಾಗಿ ಎಣಿಸಲು ದಾರಿಯಿಲ್ಲದ್ದರಿಂದ ಯಂತ್ರವು ಒಂದು ಇಟ್ಟಿಗೆಯನ್ನೂ ಇಡುವುದಿಲ್ಲ. ಆದರೂ ಪರದೆಯ ಕೆಳಗೆ ‘ಓಕೆ’ ಎಂದು ವರದಿ ಒಪ್ಪಿಸುತ್ತದೆ!

ಎರಡನೆಯದಾಗಿ, 70ನೆಯ ಸಾಲಿನ ‘ಸ್ಟೆಪ್ 2’ ಬಿಟ್ಟರೆ ಪ್ರತಿಯೊಂದು ಇಟ್ಟಿಗೆಯೂ ಹಿಂದಿನದರ ಅರ್ಧವನ್ನು ನುಂಗುತ್ತದೆ. ಒಂದು ವರಸೆ ಸಂದೇ ಇಲ್ಲದ ಉದ್ದನೆಯ ಪಟ್ಟಿಯಾದರೆ, ಮುಂದಿನದು ಬರಿಯ ಅರ್ಧ ಇಟ್ಟಿಗೆಗಳ ಸಾಲಾಗುತ್ತದೆ. ಇಲ್ಲಿಯೂ ವರದಿ ‘ಓಕೆ’.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು. 90ನೆಯ ಸಾಲಿನಲ್ಲಿಯೂ ‘ಎಬಿ’ ಎಂದೇ ಬರೆದರೆ ಅಚ್ಚುಕಟ್ಟಾದ, ನೋಡಲು ಅಂದವಾದ ಗೋಡೆಯೇ ಬರುತ್ತದೆ. ಆದರೆ ಸಂದಿನ ಮೇಲೆ ಸಂದು! ಪರದೆಯ ಗೋಡೆಗೆ ಭಾರವಿಲ್ಲ, ಅದು ಬೀಳುವುದಿಲ್ಲ. ತಪ್ಪನ್ನು ಕಾಣಬಲ್ಲವನು ಗೋಡೆಯ ಧರ್ಮವನ್ನು ಬಲ್ಲ ಮನುಷ್ಯನೊಬ್ಬನೇ. ‘ಓಕೆ’ ಎಂಬುದರ ಅರ್ಥ ಆಜ್ಞೆಗಳು ಮುಗಿದುವೆಂದಷ್ಟೇ, ಕೆಲಸ ಸರಿಯಾಯಿತೆಂದಲ್ಲ. ವೇತನದ ಪಟ್ಟಿ, ವಿದ್ಯುತ್ತಿನ ಬಿಲ್ಲು, ಸಾಲದ ಬಡ್ಡಿ, ಪರೀಕ್ಷೆಯ ಅಂಕಗಳೆಲ್ಲವೂ ಯಂತ್ರದಿಂದಲೇ ಹೊರಬೀಳುವ ಈ ಕಾಲದಲ್ಲಿ ಪ್ರತಿಯೊಬ್ಬ ನಾಗರಿಕನೂ ಈ ವ್ಯತ್ಯಾಸವನ್ನು ತಿಳಿದಿರಬೇಕು. ‘ಕಂಪ್ಯೂಟರಿನಲ್ಲಿ ಹಾಗೆ ಬಂದಿದೆ’ ಎಂಬ ಮಾತು ಯಾವ ತಪ್ಪಿಗೂ ಸಮರ್ಥನೆಯಾಗಲಾರದು.

ಲೆಕ್ಕದ ತಾಳೆ

ಕಟ್ಟಿದ ಗೋಡೆಯನ್ನು ತಾಳೆ ನೋಡಲು ಇನ್ನೊಂದು ದಾರಿಯಿದೆ. ಭಾರತೀಯ ಮಾನಕದ ಮಾಡ್ಯುಲರ್ ಇಟ್ಟಿಗೆಯ ಅಳತೆ 19 ಸೆಂ.ಮೀ. ಉದ್ದ, 9 ಸೆಂ.ಮೀ. ಅಗಲ, 9 ಸೆಂ.ಮೀ. ಎತ್ತರ, ಗಾರೆ ಸೇರಿ 20, 10, 10. ಪರದೆಯ ಇಟ್ಟಿಗೆಯೂ ಎರಡು ಮನೆ ಉದ್ದ, ಒಂದು ಮನೆ ಎತ್ತರ; ಪ್ರಮಾಣ ಅದೇ. ಆ ಲೆಕ್ಕದಲ್ಲಿ ಪರದೆಯ ಗೋಡೆ 3.2 ಮೀಟರ್ ಉದ್ದ, 2.2 ಮೀಟರ್ ಎತ್ತರ. ದಪ್ಪ 10 ಸೆಂ.ಮೀ. ಎಂದಿಟ್ಟುಕೊಂಡರೆ ಘನ ಅಳತೆ 0.704 ಘನಮೀಟರ್. ಒಂದು ಘನಮೀಟರಿಗೆ ಇಂತಹ 500 ಇಟ್ಟಿಗೆಗಳಂತೆ ಬೇಕಾಗುವುದು 352.

ಈಗ ಪರದೆಯ ಕಡೆಯಿಂದ ಎಣಿಸೋಣ. ಪೂರ್ಣ ಇಟ್ಟಿಗೆಯಿಂದ ಆರಂಭವಾಗುವ 11 ವರಸೆಗಳಲ್ಲಿ ತಲಾ 16ರಂತೆ 176. ಉಳಿದ 11 ವರಸೆಗಳಲ್ಲಿ ತಲಾ 15ರಂತೆ 165 ಪೂರ್ಣ, 22 ಅರ್ಧ. ಅರ್ಧಗಳು ಸೇರಿ 11. ಒಟ್ಟು 352. ಎರಡು ಬೇರೆ ದಾರಿಗಳಿಂದ ಬಂದ ಮೊತ್ತ ಒಂದೇ ಆದಾಗ ಮನಸ್ಸಿಗೆ ಆಗುವ ಸಮಾಧಾನವನ್ನು ಜಮಾಖರ್ಚು ಬರೆದವರೆಲ್ಲ ಬಲ್ಲರು. ಇಷ್ಟು ತೆಳುವಾದ ಗೋಡೆ ಮಾಳಿಗೆಯ ಭಾರ ಹೊರಲು ತಕ್ಕುದಲ್ಲ. ಕಾಂಕ್ರೀಟಿನ ಕಂಬ-ತೊಲೆಗಳ ಮೇಲೆ ನಿಂತ ಮಹಾನಗರದ ಫ್ಲ್ಯಾಟುಗಳಲ್ಲಿ ಕೋಣೆಗಳನ್ನು ಬೇರ್ಪಡಿಸಲು ಇಂತಹುದನ್ನು ಕಟ್ಟುವುದುಂಟು.

ಮನೆಯ ಮಾತಿನಲ್ಲಿ ಪಾಠ

ನಮ್ಮ ದೇಶದ ಶಾಲೆಗಳಿಗೆ ಗಣಕ ಸಾಕ್ಷರತೆಯನ್ನು ತರಲೆಂದು 1984-85ರಲ್ಲಿ ಆರಂಭವಾದ ‘ಕ್ಲಾಸ್’ ಯೋಜನೆಯಲ್ಲಿ ಬಳಸಿದುದು ಬ್ರಿಟನ್ನಿನ ಬಿಬಿಸಿ ಮೈಕ್ರೋ ಎಂಬ ಯಂತ್ರವನ್ನು. ಅದರಲ್ಲಿಯೂ ಬೇಸಿಕ್ ಭಾಷೆಯೇ ಇದ್ದಿತು. ಇಟ್ಟಿಗೆಯ ಅಚ್ಚನ್ನು ಹೊಯ್ಯುವ ಆಜ್ಞೆ ಬೇರೆ; ಗೋಡೆ ಕಟ್ಟುವ ವಿಚಾರ ಒಂದೇ. ಯಂತ್ರಗಳು ಬಂದು ಹೋಗುತ್ತವೆ, ವಿಚಾರ ಉಳಿಯುತ್ತದೆ.

ಹೊರನಾಡಿನ ಕನ್ನಡ ಕುಟುಂಬಗಳಿಗೆ ಇದರಲ್ಲಿ ಇನ್ನೊಂದು ಪ್ರಯೋಜನವಿದೆ. ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಮರಾಠಿ, ತಮಿಳು, ತೆಲುಗು ಅಥವಾ ಹಿಂದಿ ಆಡುತ್ತಾರೆ. ಕನ್ನಡವು ಊಟಕ್ಕೆ ಕರೆಯುವ ಮಾತಾಗಿ ಮಾತ್ರ ಉಳಿಯುವ ಭಯವಿದೆ. ಮೇಲಿನ ಕ್ರಮವಿಧಿಯಲ್ಲಿರುವ ಇಂಗ್ಲಿಷ್ ಆಜ್ಞಾಪದಗಳು ಹದಿನೈದು. ಉಳಿದುದೆಲ್ಲ — ವರಸೆ, ಸಂದು, ಸಮ, ಬೆಸ, ಅರ್ಧ, ತಾಳೆ — ಕನ್ನಡದಲ್ಲಿಯೇ ಹೇಳಬಹುದಾದ, ಹೇಳಿದರೆ ಮಗುವಿಗೆ ತಿಳಿಯುವ ವಿಷಯ. ಯಂತ್ರಕ್ಕೆ ಕೊಡುವ ಆಜ್ಞೆ ಯಾವ ಭಾಷೆಯದಾದರೂ ಇರಲಿ, ಆಲೋಚನೆ ತಾಯ್ನುಡಿಯಲ್ಲಿ ನಡೆಯಲು ಅಡ್ಡಿಯೇನೂ ಇಲ್ಲ.

ಆರೋಗ್ಯದ ದೃಷ್ಟಿಯಿಂದಲೂ ಒಂದು ಮಾತು. ಈ ಕೆಲಸದ ಬಹುಭಾಗ ನಡೆಯುವುದು ಪರದೆಯ ಮುಂದಲ್ಲ, ಕಾಗದದ ಮೇಲೆ. ಪರದೆಯ ಮುಂದೆ ಕುಳಿತಾಗಲೂ ಇಪ್ಪತ್ತು ನಿಮಿಷಕ್ಕೊಮ್ಮೆ ಕಣ್ಣೆತ್ತಿ ದೂರದ ವಸ್ತುವೊಂದನ್ನು ಸ್ವಲ್ಪ ಹೊತ್ತು ನೋಡುವುದು ಹಿತಕರ. ಕಿಟಕಿಯಾಚೆ ಎಲ್ಲಿಯಾದರೂ ಹೊಸ ಕಟ್ಟಡ ಏಳುತ್ತಿದ್ದರೆ ಇನ್ನೂ ಒಳ್ಳೆಯದು. ಅಲ್ಲಿ ಸಂದಿನ ಮೇಲೆ ಸಂದು ಬಿದ್ದಿದೆಯೇ ಎಂದು ಮಗುವೇ ನೋಡಿ ಹೇಳಲಿ.